ಒಂದು ತಂತಿ, ನಾಲ್ಕು ಮಟ್ಟ

ತಂತಿ ಕಚೇರಿಯ ಕಟಕಟ ಸದ್ದು ಈಗ ಯಾರ ಕಿವಿಗೂ ಬೀಳುವುದಿಲ್ಲ. 2013ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದ ತಂತಿ ಸೇವೆಯೇ ಮುಕ್ತಾಯವಾಯಿತು. ಬಾಗಿಲಿಗೆ ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಮನೆಯವರ ಎದೆ ಝಲ್ಲೆನ್ನುತ್ತಿದ್ದ ಕಾಲ ಹೋಯಿತು. ಆದರೆ ತಂತಿಯವರ ಒಂದು ಹಳೆಯ ಉಪಾಯ ಇನ್ನೂ ಬದುಕಿದೆ. ಕಂಪ್ಯೂಟರಿನ ಹೊಟ್ಟೆಯೊಳಗೆ, ಲೆಕ್ಕ ಮಾಡುವ ಚಿಪ್‌ಗೂ ನೆನಪಿಟ್ಟುಕೊಳ್ಳುವ ಚಿಪ್‌ಗೂ ನಡುವಣ ಕೂದಲೆಳೆಯಂಥ ದಾರಿಯಲ್ಲಿ ಅದು ಈಗ ಕೆಲಸ ಮಾಡುತ್ತಿದೆ.

1870ರ ದಶಕದ ಅಮೆರಿಕದಲ್ಲಿ ಸುದ್ದಿಗಳು ಹೆಚ್ಚಿದವು, ತಂತಿಗಳು ಸಾಲದಾದವು. ಹೊಸ ತಂತಿ ಎಳೆಯುವುದೆಂದರೆ ಮೈಲಿಗಟ್ಟಲೆ ಕಂಬ, ಕೂಲಿ, ಹಣ. 1872ರ ಹೊತ್ತಿಗೆ ಜೋಸೆಫ್ ಸ್ಟರ್ನ್ಸ್ ಎಂಬಾತನು ಒಂದೇ ತಂತಿಯ ಎರಡು ತುದಿಗಳಿಂದಲೂ ಏಕಕಾಲದಲ್ಲಿ ಸುದ್ದಿ ಕಳಿಸುವ ಏರ್ಪಾಡನ್ನು ಬಳಕೆಗೆ ತಂದಿದ್ದನು. 1874ರಲ್ಲಿ ಇಪ್ಪತ್ತೇಳು ವರ್ಷದ ಥಾಮಸ್ ಎಡಿಸನ್ನನು ಇನ್ನೊಂದು ಹೆಜ್ಜೆ ಮುಂದಿಟ್ಟನು. (ವಿದ್ಯುದ್ದೀಪದ ಎಡಿಸನ್ನನೇ, ದೀಪದ ಕೆಲಸವನ್ನು ಆಗಿನ್ನೂ ಹಿಡಿದಿರಲಿಲ್ಲ.)

ಆತನ ಯೋಚನೆ ಕೇಳಲು ಸುಲಭ. ವಿದ್ಯುತ್ಪ್ರವಾಹಕ್ಕೆ ದಿಕ್ಕೂ ಉಂಟು, ಬಲವೂ ಉಂಟು. ಒಬ್ಬ ನೌಕರನ ಕೀಲಿ ದಿಕ್ಕನ್ನು ಮಾತ್ರ ಬದಲಿಸಲಿ, ಇನ್ನೊಬ್ಬನದು ಬಲವನ್ನು ಮಾತ್ರ. ಆಚೆಯ ಊರಿನಲ್ಲಿ ಎರಡು ವಿದ್ಯುತ್ಕಾಂತಗಳು. ಒಂದು ದಿಕ್ಕಿಗಷ್ಟೇ ಓಗೊಡುತ್ತದೆ; ಬಲ ಎಷ್ಟಾದರೂ ಅದಕ್ಕೆ ಒಂದೇ. ಇನ್ನೊಂದು ಬಲವಾದ ಪ್ರವಾಹಕ್ಕಷ್ಟೇ ಅಲುಗುತ್ತದೆ. ದಿಕ್ಕು ಯಾವುದಾದರೂ ಸರಿ. ಹೀಗೆ ತಂತಿಯಲ್ಲಿ ಯಾವ ಗಳಿಗೆಗೂ ನಾಲ್ಕು ಸ್ಥಿತಿಗಳಲ್ಲಿ ಒಂದು ಇರುತ್ತದೆ. ಎರಡು ಸುದ್ದಿಗಳು ಒಟ್ಟಿಗೆ ಸಾಗುತ್ತವೆ. ಸ್ಟರ್ನ್ಸನ ಏರ್ಪಾಡನ್ನೂ ಕೂಡಿಸಿದರೆ ನಾಲ್ಕು. ಒಂದು ಕಂಬವನ್ನೂ ನೆಡದೆ ತಂತಿಯನ್ನು ನಾಲ್ಕಾಗಿಸಿದಂತಾಯಿತು! ಇದರ ಹಕ್ಕಿಗಾಗಿ ವೆಸ್ಟರ್ನ್ ಯೂನಿಯನ್ ಕಂಪನಿಗೂ ಧನಿಕ ಜೇ ಗೌಲ್ಡನ ಪಕ್ಷಕ್ಕೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಅದು ಬೇರೆಯ ಕಥೆ.

ಕೇಳಲು ಸುಲಭವೆಂದೆ, ನಡೆಸಲು ಸುಲಭವಾಗಿರಲಿಲ್ಲ. ಬಲವಾದ ಪ್ರವಾಹದ ದಿಕ್ಕು ಮಗುಚುವಾಗ ಅದು ನಡುವೆ ಸೊನ್ನೆಯನ್ನು ಹಾದುಹೋಗಲೇಬೇಕು. ಆ ಕ್ಷಣದಲ್ಲಿ ಬಲವನ್ನು ನೋಡಿಕೊಳ್ಳುತ್ತಿದ್ದ ಕಾಂತ ಹಿಡಿತ ಬಿಡುತ್ತಿತ್ತು. ಎರಡನೆಯವನ ಸುದ್ದಿಯಲ್ಲಿ ಇಲ್ಲದ ಬಿರುಕು ಮೂಡುತ್ತಿತ್ತು. ಇಂಥ ಕಾಟಕ್ಕೆ ಎಡಿಸನ್ನನು ಕೊಟ್ಟ ಹೆಸರು ‘ಬಗ್’, ಎಂದರೆ ಹುಳು. ಅದನ್ನು ಹಿಡಿಯಲು ಹೂಡಿದ ಜೋಡಣೆ ‘ಬಗ್ ಟ್ರ್ಯಾಪ್’, ಹುಳುವಿನ ಬೋನು. ಇಂದು ಕಂಪ್ಯೂಟರಿನ ತಪ್ಪಿಗೆಲ್ಲ ಬಗ್ ಎನ್ನುವವರಲ್ಲಿ ಎಷ್ಟು ಮಂದಿಗೆ ತಂತಿಯ ನೆನಪಿದೆಯೋ!

1924ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದ ದೂರವಾಣಿ ಕಂಪನಿಯಲ್ಲಿದ್ದ ಹ್ಯಾರಿ ನೈಕ್ವಿಸ್ಟನು ಈ ಲಾಭವನ್ನು ಲೆಕ್ಕಕ್ಕಿಳಿಸಿದನು. ಎರಡು ಮಟ್ಟಗಳ ಸಂಕೇತದ ವೇಗ ನೂರೆಂದರೆ, ಮೂರಕ್ಕೆ 158, ನಾಲ್ಕಕ್ಕೆ 200, ಎಂಟಕ್ಕೆ 300, ಹದಿನಾರಕ್ಕೆ 400. ಮಟ್ಟಗಳು ಇಮ್ಮಡಿಯಾದಾಗಲೆಲ್ಲ ವೇಗಕ್ಕೆ ಕೂಡುವುದು ನೂರು ಮಾತ್ರ. ನಷ್ಟವಾದರೋ ಬೇಗ ಬೇಗ ಬೆಳೆಯುತ್ತದೆ. ಅಷ್ಟೇ ವೋಲ್ಟೇಜಿನೊಳಗೆ ಎರಡರ ಬದಲು ನಾಲ್ಕು ಮಟ್ಟಗಳನ್ನು ಕೂರಿಸಿದರೆ ಮಟ್ಟದಿಂದ ಮಟ್ಟಕ್ಕಿರುವ ಅಂತರ ಮೂರರಲ್ಲಿ ಒಂದು ಪಾಲಾಗುತ್ತದೆ. ರಾತ್ರಿ ಮಧ್ಯಮ ತರಂಗದಲ್ಲಿ ದೂರದ ನಿಲಯವನ್ನು ಹುಡುಕಿದವರಿಗೆ ಇದು ಗೊತ್ತು: ಗೊರಗೊರ ಶಬ್ದದ ನಡುವೆಯೂ ವಾರ್ತೆ ಓದುವವರ ಗಟ್ಟಿ ಮಾತು ತಿಳಿಯುತ್ತದೆ, ತಂಬೂರಿಯ ಶ್ರುತಿ ತಿಳಿಯದು.

ಇನ್ನು ಕಂಪ್ಯೂಟರಿನ ಮಾತು. ಲೆಕ್ಕ ಮಾಡುವ ಚಿಪ್ ವರ್ಷವರ್ಷಕ್ಕೂ ಚುರುಕಾಯಿತು. ನೆನಪಿನ ಚಿಪ್‌ನಿಂದ ಅಂಕಿಗಳನ್ನು ಹೊತ್ತು ತರುವ ದಾರಿ ಆ ಪ್ರಮಾಣದಲ್ಲಿ ಚುರುಕಾಗಲಿಲ್ಲ. ಅಡುಗೆಯವನು ಉಗ್ರಾಣದ ಸಾಮಾನಿಗಾಗಿ ಸೌಟು ಹಿಡಿದು ಕಾಯುವ ಪರಿಸ್ಥಿತಿ. ತಂತಿಗಳನ್ನು ಹೆಚ್ಚಿಸೋಣವೆಂದರೆ ಜಾಗವಿಲ್ಲ. ಮಿಡಿತಗಳ ವೇಗವನ್ನು ಹೆಚ್ಚಿಸೋಣವೆಂದರೆ ಅಂಗೈಯಗಲದ ತಾಮ್ರದ ದಾರಿಯೇ ಅವನ್ನು ನುಂಗುತ್ತದೆ. ಆಗ ನೆನಪಾದದ್ದು ಮಟ್ಟಗಳ ಉಪಾಯ. 2000ದಲ್ಲಿ ಅಮೆರಿಕದ ರ್‍ಯಾಂಬಸ್ ಸಂಸ್ಥೆ ನಾಲ್ಕು ಮಟ್ಟಗಳ ಒಂದು ಯೋಜನೆಯನ್ನು ಪ್ರಕಟಿಸಿತಾದರೂ ಅದು ಪೇಟೆಯಲ್ಲಿ ನೆಲೆ ಕಾಣಲಿಲ್ಲ.

ನೆಲೆ ಸಿಕ್ಕಿದ್ದು 2020ರಲ್ಲಿ. ಮೈಕ್ರಾನ್ ಮತ್ತು ಎನ್ವಿಡಿಯಾ ಕಂಪನಿಗಳು ಚಿತ್ರಗಳನ್ನು ಮೂಡಿಸುವ ಯಂತ್ರಗಳಿಗಾಗಿ ‘ಜಿ.ಡಿ.ಡಿ.ಆರ್. 6 ಎಕ್ಸ್’ ಎಂಬ ಸ್ಮೃತಿಯನ್ನು ಹೊರತಂದವು. ಇದಕ್ಕೆ ಉಣಿಸುವ ವಿದ್ಯುತ್ತು 1.35 ವೋಲ್ಟು, ಟಾರ್ಚಿನ ಒಂದು ಸೆಲ್ಲಿಗಿಂತ ಕಡಿಮೆ. ಅಷ್ಟರೊಳಗೇ ನಾಲ್ಕು ಮಟ್ಟಗಳು. ಒಂದೊಂದು ಮಿಡಿತಕ್ಕೂ ಒಂದರ ಬದಲು ಎರಡು ಬಿಟ್‌ಗಳು. ಸೆಕೆಂಡಿಗೆ 950 ಕೋಟಿ ಮಿಡಿತಗಳಲ್ಲಿ ಒಂದೊಂದು ತಂತಿಯೂ 1900 ಕೋಟಿ ಬಿಟ್‌ಗಳನ್ನು ಸಾಗಿಸಿತು. ಹುಳು ಮಾತ್ರ ಇಲ್ಲಿಯೂ ಕಾಣಿಸಿಕೊಂಡಿತು. ಅತಿ ಕೆಳಗಿನ ಮಟ್ಟದಿಂದ ಅತಿ ಮೇಲಿನದಕ್ಕೆ ಒಂದೇ ನೆಗೆತಕ್ಕೆ ಹಾರುವಾಗ ಸಂಕೇತ ಕದಡುತ್ತದೆ. ಅದಕ್ಕೆಂದೇ ಅಂಥ ನೆಗೆತ ಎಂದೂ ಬಾರದಂತೆ ಅಂಕಿಗಳನ್ನು ಮೊದಲೇ ಹೊಂದಿಸಿ ಕಳಿಸುವ ಒಂದು ಸಂಕೇತಪದ್ಧತಿಯನ್ನು ಹೂಡಿದರು. ಕಾರಣ ಎಡಿಸನ್ನನದೇ ಅಲ್ಲದಿರಬಹುದು. ಕಾಡಿದ್ದು ಮಾತ್ರ ಅದೇ ದೊಡ್ಡ ನೆಗೆತ.

ಮುಂದಿನ ಹೆಜ್ಜೆ ಎಂಟು ಮಟ್ಟವೆಂದು ನಾವು ಊಹಿಸುತ್ತಿದ್ದೆವು. ಆದದ್ದು ಬೇರೆ. 2024ರ ಮಾರ್ಚಿಯಲ್ಲಿ ಜೆಡೆಕ್ ಎಂಬ ಮಾನಕ ಸಂಸ್ಥೆ ಪ್ರಕಟಿಸಿದ ‘ಜಿ.ಡಿ.ಡಿ.ಆರ್. 7’ ನಾಲ್ಕರಿಂದ ಮೂರಕ್ಕೆ ಇಳಿಯಿತು. ಮೂರು ಮಟ್ಟಗಳ ಎರಡು ಮಿಡಿತಗಳಿಂದ ಒಂಬತ್ತು ಜೋಡಿಗಳು ಸಿಗುತ್ತವೆ. ಅವುಗಳಲ್ಲಿ ಎಂಟು ಸಾಕು, ಮೂರು ಬಿಟ್‌ಗಳನ್ನು ಹೇಳಬಹುದು. ಪ್ರತಿ ಮಿಡಿತಕ್ಕೆ ಸಿಗುವುದು ಒಂದೂವರೆ ಬಿಟ್, ನಾಲ್ಕು ಮಟ್ಟಗಳಿಗಿಂತ ಕಡಿಮೆಯೇ ಸರಿ. ಆದರೆ ಮಟ್ಟಗಳ ಅಂತರ ಮೂರರಲ್ಲಿ ಒಂದು ಪಾಲಿನಿಂದ ಅರ್ಧಕ್ಕೇರಿತು. ಸಂಕೇತ ಸ್ಪಷ್ಟವಾದ್ದರಿಂದ ಮಿಡಿತವನ್ನು ಧೈರ್ಯವಾಗಿ ಚುರುಕುಗೊಳಿಸಬಹುದಾಯಿತು. ಹಾಗೆ ಹಿಂದೆ ಸರಿದ ಈ ಮಾನಕದಲ್ಲಿ ಒಂದು ತಂತಿಗೆ ಗೊತ್ತುಮಾಡಿದ ವೇಗ ಸೆಕೆಂಡಿಗೆ 4800 ಕೋಟಿ ಬಿಟ್‌ಗಳವರೆಗೆ.