ಬೋರ ಘಾಟದ ದಾರಿಯೂ ವೈಜಯಂತಿಯ ಶ್ರೇಷ್ಠಿಯೂ

ಮುಂಬಯಿಯಿಂದ ಪುಣೆಗೆ ಹೋಗುವವರಿಗೆ ಲೋಣಾವಳಾ ಎಂದರೆ ಮಳೆಗಾಲದ ಮಂಜು, ಖಂಡಾಳೆಯ ಕಣಿವೆ, ನಾಗಫಣಿಯ ಶಿಖರ, ರಾಜಮಾಚಿಯ ನೋಟ ಮತ್ತು ಹಿಂದಿರುಗುವಾಗ ಕೈಯಲ್ಲೊಂದು ಚಿಕ್ಕಿಯ ಪೊಟ್ಟಣ. ಸಮುದ್ರಮಟ್ಟಕ್ಕಿಂತ ಸುಮಾರು ೬೨೦ ಮೀಟರು ಎತ್ತರದಲ್ಲಿರುವ ಈ ಊರು ವಿಹಾರಸ್ಥಾನವಾಗಿ ಹೆಸರಾದುದು ರೈಲುದಾರಿ ಬಂದ ತರುವಾಯ. ಊರಿನ ಕೀರ್ತಿ ಹೊಸದಾದರೂ ದಾರಿ ಬಹು ಹಳೆಯದು. ಕೊಂಕಣದ ಕರಾವಳಿಯನ್ನು ಘಟ್ಟದ ಮೇಲಿನ ದೇಶದೊಡನೆ ಕೂಡಿಸುವ ಈ ಬೋರ ಘಾಟದ ಮಗ್ಗುಲಲ್ಲಿ ಕನ್ನಡನಾಡಿನ ಇತಿಹಾಸಕ್ಕೆ ಸಂಬಂಧಪಟ್ಟಂತೆ ತೋರುವ ಒಂದು ಚಿಕ್ಕ ಬರಹವಿದೆ. ಅದರ ಮೇಲೆ ನಮಗಿರುವ ಹಕ್ಕು ಎಷ್ಟರಮಟ್ಟಿನದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕ್ರಿಸ್ತಶಕದ ಮೊದಲನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿಯು ಸೋಪಾರ, ಕಲ್ಯಾಣ, ಚೌಲ ಮೊದಲಾದ ಕೊಂಕಣದ ಬಂದರುಗಳನ್ನು ಹೆಸರಿಸುತ್ತದೆ. ಅಲ್ಲಿ ಇಳಿದ ಸರಕು ಒಳನಾಡಿಗೆ ಸಾಗಬೇಕಾದರೆ ಸಹ್ಯಾದ್ರಿಯನ್ನು ಹತ್ತಲೇಬೇಕು. ಹತ್ತುವ ದಾರಿಗಳು ಕೆಲವೇ. ಅವುಗಳ ಬದಿಯಲ್ಲಿಯೇ ಬೌದ್ಧ ಲೇಣಗಳು ಸಾಲುಗೊಂಡಿರುವುದು ಆಕಸ್ಮಿಕವಲ್ಲ. ರಾಜಮಾಚಿಯ ಬುಡದಲ್ಲಿ ಕೊಂಡಾಣೆ, ಘಟ್ಟವನ್ನೇರಿದ ಮೇಲೆ ಲೋಹಗಡ, ವಿಸಾಪುರಗಳ ಆಶ್ರಯದಲ್ಲಿ ಭಾಜೆ, ಮುಂದೆ ಬೇಡಸೆ, ದಾರಿಯ ಉತ್ತರದ ಬೆಟ್ಟದಲ್ಲಿ ಕಾರ್ಲೆ. ಈ ವಿಹಾರಗಳಿಗೂ ವರ್ತಕರ ದಾರಿಗಳಿಗೂ ಇದ್ದ ನಂಟನ್ನು ದಾಮೋದರ ಧರ್ಮಾನಂದ ಕೋಸಂಬಿಯವರು ಈ ಪ್ರದೇಶದಲ್ಲಿ ಕಾಲ್ನಡಿಗೆಯಿಂದ ತಿರುಗಿ ಎತ್ತಿ ತೋರಿಸಿದರು. ಕಾರ್ಲೆಯ ಹಳೆಯ ಹೆಸರು ವಲೂರಕ. ಅಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳ ಪೋಷಣೆಗೆಂದು ಕ್ಷತ್ರಪ ನಹಪಾನನ ಅಳಿಯ ಉಷವದಾತನು ಕರಜಿಕವೆಂಬ ಗ್ರಾಮವನ್ನು ಬಿಟ್ಟಿದ್ದಾನೆ. ಇವನೇ ನಾಸಿಕದಲ್ಲಿ ೩,೦೦೦ ಕಾರ್ಷಾಪಣಗಳನ್ನು ಎರಡು ನೇಕಾರ ಶ್ರೇಣಿಗಳಲ್ಲಿ ಅಕ್ಷಯನಿಧಿಯಾಗಿ ಇಟ್ಟವನು; ೨,೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, ೧,೦೦೦ಕ್ಕೆ ನೂರಕ್ಕೆ ಮುಕ್ಕಾಲಿನಂತೆ ಬಡ್ಡಿ. ಅಸಲನ್ನು ಮುಟ್ಟದೆ ಬಡ್ಡಿಯಿಂದ ಧರ್ಮಕಾರ್ಯ ನಡೆಯಬೇಕೆಂಬ ಈ ವ್ಯವಸ್ಥೆ ಇಂದಿನ ಬ್ಯಾಂಕಿನವರಿಗೂ ಅಪರಿಚಿತವಲ್ಲ. ಧರ್ಮವೂ ವ್ಯಾಪಾರವೂ ಒಂದೇ ದಾರಿಯಲ್ಲಿ ನಡೆದ ಕಾಲವದು.

ಲೋಣಾವಳಾದಿಂದ ಸುಮಾರು ೧೧ ಕಿಲೋಮೀಟರು ದೂರದ ಕಾರ್ಲೆಯ ಚೈತ್ಯಗೃಹವು ೧೨೪ ಅಡಿ ಉದ್ದ, ೪೫ ಅಡಿ ಅಗಲವಾಗಿದೆ. ಛಾವಣಿಯ ಮರದ ತೊಲೆಗಳು ಇಂದಿಗೂ ಉಳಿದಿವೆ. ಒಳಗಿನ ಕಂಬಗಳ ಮೇಲೆ ಧೇನುಕಾಕಟದ ಯವನರ ಹೆಸರುಗಳಿವೆ. ಬಾಗಿಲೊಂದು ಗಂಧದ ವ್ಯಾಪಾರಿಯ ದಾನ. ಹೊರಗಿನ ಸಿಂಹಸ್ತಂಭ ಮಹಾರಠಿಯೊಬ್ಬನ ದಾನ. ಇವೆಲ್ಲಕ್ಕೂ ಮಿಗಿಲಾದುದು ಮುಖಮಂಟಪದ ಎಡಭಾಗದ ಪ್ರಾಕೃತ ಬರಹ. ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯಿಂದ ಬಂದ ಶ್ರೇಷ್ಠಿ ಭೂತಪಾಲನು ಪೂರೈಸಿದನೆಂಬುದು ಅದರ ತಾತ್ಪರ್ಯ.

ಈ ವೈಜಯಂತಿ ಯಾವುದು? ಅದು ಉತ್ತರ ಕನ್ನಡದ ಬನವಾಸಿಯೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಇದಕ್ಕೆ ಬಲವಾದ ಆಧಾರವು ಶಿವಮೊಗ್ಗ ಜಿಲ್ಲೆಯ ಮಳವಳ್ಳಿಯ ಸ್ತಂಭಶಾಸನದಲ್ಲಿದೆ. ಅಲ್ಲಿ ಹಾರಿತೀಪುತ್ರ ವಿಣ್ಹುಕಡ್ಡ ಚುಟುಕುಲಾನಂದ ಸಾತಕರ್ಣಿಯನ್ನು ವೈಜಯಂತೀಪುರದ ರಾಜನೆಂದು ಕರೆಯಲಾಗಿದೆ. ಅದೇ ಹೆಸರಿನ ರಾಜನ ಕಾಲದ ನಾಗಶಿಲೆ ಬನವಾಸಿಯಲ್ಲಿಯೇ ಇದೆ. ತರುವಾಯ ಕದಂಬರೂ ತಮ್ಮ ತಾಮ್ರಶಾಸನಗಳಲ್ಲಿ ರಾಜಧಾನಿಯನ್ನು ವೈಜಯಂತಿಯೆಂದೇ ಹೇಳಿಕೊಂಡಿದ್ದಾರೆ.

ಆದರೆ ಎದುರು ಪಕ್ಷವನ್ನೂ ಕೇಳಬೇಕು. ಪೆರಿಪ್ಲಸ್ ಕೊಂಕಣದ ತೀರದಲ್ಲಿ ‘ಬಿಜಾಂಟಿಯನ್’ ಎಂಬೊಂದು ಬಂದರನ್ನು ಹೇಳುತ್ತದೆ. ಅದು ವೈಜಯಂತಿಯ ಗ್ರೀಕ್ ರೂಪವೆಂದೂ ಇಂದಿನ ವಿಜಯದುರ್ಗವೆಂದೂ ಊಹಿಸಿದವರುಂಟು. ಹಾಗಾದರೆ ಭೂತಪಾಲನು ಕೊಂಕಣದವನಾಗುತ್ತಾನೆ, ಕಾರ್ಲೆಗೂ ಸಮೀಪದವನಾಗುತ್ತಾನೆ. ಈ ಊಹೆಗೆ ಮುಖ್ಯ ಆಸರೆ ಧ್ವನಿಸಾಮ್ಯ. ಧ್ವನಿಸಾಮ್ಯವೊಂದನ್ನೇ ನಂಬುವುದಾದರೆ ಕಾರ್ಲೆಗೆ ಹೋಗುವವರು ಇಳಿಯುವ ಮಳವಲಿ ನಿಲ್ದಾಣವನ್ನೂ ನಮ್ಮ ಮಳವಳ್ಳಿಯೆನ್ನಬೇಕಾದೀತು! ಟಾಲೆಮಿಯು ಬನವಾಸಿಯನ್ನು ‘ಬನೌಅಸೇಯಿ’ ಎಂದು ಬೇರೆಯಾಗಿ ಹೆಸರಿಸಿರುವುದರಿಂದ, ಆ ಪಟ್ಟಣ ಅಂದೇ ದೂರದ ವರ್ತಕರಿಗೆ ತಿಳಿದಿತ್ತೆಂಬುದಂತೂ ಸ್ಪಷ್ಟ. ಇನ್ನು ನಾಸಿಕದಲ್ಲಿ ಗೌತಮೀಪುತ್ರ ಸಾತಕರ್ಣಿಯ ೧೮ನೆಯ ಆಳ್ವಿಕೆಯ ವರ್ಷದ ಶಾಸನವು ಸೇನೆಯ ಬೀಡಿನ ಸಂದರ್ಭದಲ್ಲಿ ‘ವೇಜಯಂತಿ’ ಎಂಬ ಪದವನ್ನು ಬಳಸಿದೆ. ಕೆಲವರು ಅದನ್ನು ಊರಿನ ಹೆಸರೆಂದೂ ಕೆಲವರು ಜಯಶಾಲಿಯಾದ ಸೇನೆಯೆಂದೂ ಅರ್ಥಮಾಡುತ್ತಾರೆ. ಇಬ್ಬಗೆಯ ಸಾಕ್ಷಿಯನ್ನು ನಮ್ಮ ಕಡೆಗೆ ಎಳೆದುಕೊಳ್ಳದಿರುವುದೇ ಲೇಸು.

ಮಳವಳ್ಳಿಯ ಶಾಸನ ಕಾರ್ಲೆಯ ಬರಹಕ್ಕಿಂತ ಈಚಿನದೆಂಬ ಕೊರತೆ ಇದ್ದೇ ಇದೆ. ಆದರೂ ಊರಿನ ಹೆಸರನ್ನು ಆ ಊರಿನ ಸೀಮೆಯ ಶಾಸನಗಳೇ ಹೇಳುತ್ತಿರುವಾಗ ಬನವಾಸಿಯ ಪಕ್ಷವೇ ಗಟ್ಟಿಯೆನ್ನಬೇಕು. ಭೂತಪಾಲನು ಕನ್ನಡ ಮಾತನಾಡಿದನೆಂದು ಮಾತ್ರ ಹೇಳಲಾಗದು; ಬರಹ ಪ್ರಾಕೃತದ್ದು. ಕನ್ನಡನಾಡಿನ ಪಟ್ಟಣದಿಂದ ಬಂದ ವರ್ತಕನೊಬ್ಬನು ಇಲ್ಲಿ ತನ್ನ ಧನವನ್ನು ಕಲ್ಲಾಗಿಸಿದನೆಂಬಷ್ಟೇ ನಮ್ಮ ಹಕ್ಕು.

ಈ ಸಂಬಂಧ ಮುಂದೆಯೂ ಕಡಿಯಲಿಲ್ಲ. ಪುಣೆ ಜಿಲ್ಲೆಯ ತಳೇಗಾಂವದಲ್ಲಿ ದೊರೆತ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕ್ರಿ.ಶ. ೭೬೮ರ ತಾಮ್ರಶಾಸನವು ಹೊರಟದ್ದು ಗಂಗವಾಡಿಯ ಮಣ್ಣೆಯಲ್ಲಿ ಅವನು ಬೀಡುಬಿಟ್ಟಿದ್ದಾಗ.

ಹೊಸ ಕಾಲದ ಕಥೆ ಎಲ್ಲರಿಗೂ ತಿಳಿದದ್ದೇ. ಗವರ್ನರ್ ಮಾಲ್ಕಮನ ಕಾಲದಲ್ಲಿ, ೧೮೩೦ರಲ್ಲಿ, ಗಾಡಿಗಳು ಹತ್ತಬಲ್ಲ ರಸ್ತೆಯಾಯಿತು. ೧೮೬೩ರಲ್ಲಿ ೨೫ ಸುರಂಗಗಳ ರೈಲುದಾರಿ ತೆರೆಯಿತು. ೨೦೦೨ರಲ್ಲಿ ವೇಗಮಾರ್ಗ ಪೂರ್ಣಗೊಂಡಿತು. ದಾರಿ ತೋರಿಸಿದ ಧನಗರ ಶಿಂಗ್ರೋಬನಿಗೆ ಘಾಟದಲ್ಲೊಂದು ಗುಡಿಯಿದ್ದು, ಅವನ ಐತಿಹ್ಯ ಜನರ ಬಾಯಲ್ಲಿ ಉಳಿದಿದೆ. ಆದರೆ ೧೮೩೦ರ ರಸ್ತೆಯ ಕಲ್ಲಿನ ಸೇತುವೆ, ಜನರು ‘ಅಮೃತಾಂಜನ’ ಸೇತುವೆಯೆನ್ನುತ್ತಿದ್ದುದು, ೨೦೨೦ರ ಏಪ್ರಿಲಿನಲ್ಲಿ ನೆಲಸಮವಾಯಿತು. ಕಣ್ಣೆದುರಿಗಿದ್ದ ಸೇತುವೆಯೇ ಹೀಗೆ ಇಲ್ಲವಾದ ಮೇಲೆ, ಬೆಟ್ಟದ ಮೇಲಿನ ಒಂದೇ ಸಾಲಿನ ಬರಹವನ್ನು ನೆನಪಿನಲ್ಲಿಡುವ ಹೊಣೆ ಅದರ ಬೆಲೆ ತಿಳಿದವರದು. ಮುಂಬಯಿ, ಪುಣೆಗಳ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಲೋಣಾವಳಾಕ್ಕೆ ವನಭೋಜನಕ್ಕೆ ಹೋಗುವಾಗ ಅರ್ಧ ದಿನವನ್ನು ಕಾರ್ಲೆಗೆ ಮೀಸಲಿಟ್ಟು, ಬಲ್ಲವರೊಬ್ಬರಿಂದ ಈ ಬರಹವನ್ನು ಓದಿಸಿ ಮಕ್ಕಳಿಗೆ ಕೇಳಿಸುವುದು ಕಷ್ಟದ ಕೆಲಸವೇನಲ್ಲ.