ಮೈಲೇಜ್‌ಗಾಗಿ ಎಂಜಿನ್ ಮಾರ್ಪಾಡು: ಸಿಎನ್‌ಜಿ ಕಿಟ್‌ನ ಒಳಹೊರಗು

ಉಳಿತಾಯ ಎಲ್ಲಿದೆ?

ಪೆಟ್ರೋಲ್ ಪೂರ್ತಿ ಉರಿಯುವಂತೆ ಮಾಡುತ್ತೇವೆ ಎಂಬುದು ಮೈಲೇಜ್ ಸಾಧನ ಮಾರುವವರ ಹಳೆಯ ಮಾತು. ಇಂಜೆಕ್ಷನ್ ಇರುವ, ಸುಸ್ಥಿತಿಯ ಎಂಜಿನ್‌ನಲ್ಲಿ ಉರಿಯದೆ ಹೊರಹೋಗುವ ಪೆಟ್ರೋಲ್ ತೀರಾ ಅಲ್ಪ. ನಷ್ಟವಾಗುವುದು ಶಾಖದ ರೂಪದಲ್ಲಿ. ಅರ್ಧಕ್ಕೂ ಹೆಚ್ಚು ಶಕ್ತಿ ರೇಡಿಯೇಟರ್, ಸೈಲೆನ್ಸರ್‌ಗಳ ಪಾಲಾಗುತ್ತದೆ. ಇಂಧನದ ಪೈಪಿಗೆ ಕಟ್ಟುವ ಅಯಸ್ಕಾಂತದಂಥ ಸಾಧನ ಇದನ್ನು ತಡೆಯಲಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದರೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಮೈಲೇಜ್ ದಿಢೀರನೆ ಇಳಿದಿದ್ದರೆ ಮೊದಲು ಆಕ್ಸಿಜನ್ ಸೆನ್ಸರ್, ಸ್ಪಾರ್ಕ್ ಪ್ಲಗ್ ನೋಡಿಸಿ. ಇಂಧನದ ಖರ್ಚನ್ನೇ ಗಣನೀಯವಾಗಿ ಇಳಿಸಬಲ್ಲ ಮಾರ್ಪಾಡು ಬೇಕೆಂದರೆ, ಪೆಟ್ರೋಲ್ ಕಾರಿನ ಮಾಲೀಕರಿಗೆ ಇರುವ ಒಂದು ದಾರಿ ಸಿಎನ್‌ಜಿ.

ಕಿಟ್ ಕೆಲಸ ಮಾಡುವ ಬಗೆ

ಡಿಕ್ಕಿಯ ಸಿಲಿಂಡರ್‌ನಲ್ಲಿ ಅನಿಲ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ರೆಡ್ಯೂಸರ್ ಅದನ್ನು ಕೆಲವೇ ಬಾರ್‌ಗೆ ಇಳಿಸಿ ಇಂಜೆಕ್ಟರ್‌ಗೆ ಕೊಡುತ್ತದೆ. ಒತ್ತಡ ಇಷ್ಟು ಕುಸಿದಾಗ ಅನಿಲ ಕೊರೆಯುವಷ್ಟು ತಣ್ಣಗಾಗುವುದರಿಂದ ರೆಡ್ಯೂಸರ್ ಹೆಪ್ಪುಗಟ್ಟದಂತೆ ಎಂಜಿನ್‌ನ ಬಿಸಿ ಕೂಲಂಟ್ ಅನ್ನು ಅದರೊಳಗೆ ಹಾಯಿಸುತ್ತಾರೆ. ಬೆಳಿಗ್ಗೆ ಗಾಡಿ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗಿ, ಬಿಸಿಯೇರಿದ ಮೇಲೆ ಅನಿಲಕ್ಕೆ ಹೊರಳುವುದು ಇದೇ ಕಾರಣಕ್ಕೆ. ಕೂಲಂಟ್ ಕಡಿಮೆಯಿದ್ದರೆ ಗಾಡಿ ಜರ್ಕ್ ಹೊಡೆಯಬಹುದು. ಅನಿಲದ ಗುಣಮಟ್ಟ ಸರಿಯಿಲ್ಲವೆಂದು ಬಂಕ್‌ನವರನ್ನು ಬೈದು ಪ್ರಯೋಜನವಿಲ್ಲ.

ಲಾಭ, ನಷ್ಟ

ಒಂದು ಕೆಜಿ ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲ್‌ನಷ್ಟು ಶಕ್ತಿಯಿದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಕೆಜಿಗೆ 20 ದಾಟುವುದು ಹೀಗೆ. ಎಂಜಿನ್ ಜಾಣವಾಯಿತೆಂದು ಭ್ರಮಿಸಬೇಡಿ, ಅಳತೆಯ ಮಾನವಷ್ಟೇ ಬದಲಾಗಿದೆ. ಉಳಿತಾಯವನ್ನು ರೂಪಾಯಿಯಲ್ಲೇ ಲೆಕ್ಕ ಹಾಕಿ, ಕಿಟ್‌ನ ಖರ್ಚು ಎಷ್ಟು ಕಿಲೋಮೀಟರ್‌ಗೆ ಹುಟ್ಟುತ್ತದೆಂದು ನೋಡಿ. ವಾರಕ್ಕೊಮ್ಮೆ ಹೊರಬರುವ ಕಾರಿಗೆ ಇದು ದಂಡ.

ಗಾಳಿಯ ಜಾಗವನ್ನು ಅನಿಲ ಆಕ್ರಮಿಸುವುದರಿಂದ ಪಿಕಪ್ ಸುಮಾರು ಹತ್ತನೇ ಒಂದರಷ್ಟು ಕುಗ್ಗುತ್ತದೆ. ಘಾಟಿ ಹತ್ತುವಾಗ ಗೊತ್ತಾಗುತ್ತದೆ. ಸಿಎನ್‌ಜಿಯ ಮುಖ್ಯ ಅಂಶವಾದ ಮೀಥೇನ್ ನಿಧಾನವಾಗಿ ಉರಿಯುವುದರಿಂದ ಕಿಡಿ ತುಸು ಮುಂಚೆ ಹಾರಬೇಕು, ಅದಕ್ಕಾಗಿ ಕಿಟ್ ಜತೆ ಟೈಮಿಂಗ್ ಅಡ್ವಾನ್ಸ್ ಪ್ರೊಸೆಸರ್ ಹಾಕುವುದುಂಟು. ಒಣ ಇಂಧನವಾದ್ದರಿಂದ ವಾಲ್ವ್ ಸೀಟ್ ಬೇಗ ಸವೆಯಬಹುದು, ಟಪೆಟ್ ಗ್ಯಾಪ್ ಆಗಾಗ ನೋಡಿಸಬೇಕು.

ಕಾನೂನು ಮತ್ತು ಸುರಕ್ಷತೆ

ಬಿಎಸ್-6 ಪೆಟ್ರೋಲ್ ವಾಹನಗಳಿಗೂ ಕಿಟ್ ಅಳವಡಿಸಲು ಕೇಂದ್ರ ಸರ್ಕಾರ 2022ರಲ್ಲಿ ಅನುವು ಮಾಡಿತು. ಆದರೆ ನಿಮ್ಮ ಮಾದರಿಗೆ ಅನುಮೋದನೆ ಪಡೆದ ಕಿಟ್ ಅನ್ನು ಅಧಿಕೃತ ಕೇಂದ್ರದಲ್ಲೇ ಹಾಕಿಸಿ, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತವಾದಾಗ ಕ್ಲೇಮ್ ತಕರಾರಿಗೆ ಬೀಳುತ್ತದೆ. ಕಾರಿಗೆ ವಾರಂಟಿ ಬಾಕಿಯಿದ್ದರೆ ಅದರ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ.

ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ನೀರು ತುಂಬಿ, ಮಾಮೂಲಿಗಿಂತ ಹೆಚ್ಚಿನ ಒತ್ತಡ ಕೊಟ್ಟು ಅದು ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಮುಂದಿನ ಪರೀಕ್ಷೆಯ ದಿನಾಂಕ ಗಾಡಿಗೆ ಜಡಿದ ಲೋಹದ ಪಟ್ಟಿಯ ಮೇಲಿರುತ್ತದೆ. ಅವಧಿ ಮೀರಿದ್ದರೆ ಬಂಕ್‌ನವರು ಅನಿಲ ತುಂಬಬಾರದು.