ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣಾರೆ ಕಂಡದ್ದಕ್ಕೇ ಈ ಎಚ್ಚರ ಬೇಕಾದರೆ, ಇತರರು ಕಂಡು, ಬರೆದು, ತಿದ್ದಿ ನಮ್ಮ ಮನೆಗೆ ಕಳುಹಿಸುವ ವಾರ್ತೆಯ ವಿಷಯದಲ್ಲಿ ಎಷ್ಟು ಎಚ್ಚರ ಬೇಡ! ಮದರಾಸಿನಲ್ಲಿ ನೆಲಸಿದ ಕನ್ನಡಿಗರಾದ ನಾವು ಈ ರಾಜ್ಯೋತ್ಸವದ ಸಂದರ್ಭದಲ್ಲಿ ಈ ಮಾತನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸುವುದು ಉಚಿತ.

ಈ ನಗರದ ಹಿರಿಯ ಪತ್ರಿಕೆಯೊಂದು ಹುಟ್ಟಿದ್ದೇ ಪತ್ರಿಕೆಗಳ ಮೇಲಿನ ಅವಿಶ್ವಾಸದಿಂದ. 1878ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಅವರನ್ನು ಇಲ್ಲಿನ ಹೈಕೋರ್ಟಿನ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ಇಂಗ್ಲಿಷರ ಒಡೆತನದ ಪತ್ರಿಕೆಗಳು ಅದನ್ನು ಹಳಿದವು. ಜಿ. ಸುಬ್ರಹ್ಮಣ್ಯ ಅಯ್ಯರ್, ವೀರರಾಘವಾಚಾರ್ಯರು ಮೊದಲಾದ ಆರು ಮಂದಿ ತರುಣರು ಒಂದು ರೂಪಾಯಿ ಹನ್ನೆರಡಾಣೆ ಸಾಲ ತಂದು, ಆ ಸೆಪ್ಟೆಂಬರ್ 20ರಂದು ‘ಹಿಂದೂ’ ವಾರಪತ್ರಿಕೆಯ 80 ಪ್ರತಿಗಳನ್ನು ಅಚ್ಚು ಹಾಕಿಸಿದರು.

ಬಾನುಲಿಯ ಕಥೆ ಬೇರೆ. ಅದು ಇಲ್ಲಿ ಪ್ರಜೆಗಳ ಕೈಯಲ್ಲಿ ಹುಟ್ಟಿ ಸರ್ಕಾರದ ಕೈಗೆ ಹೋಯಿತು. 1924ರಲ್ಲಿ ಕೃಷ್ಣಸ್ವಾಮಿ ಚೆಟ್ಟಿಯವರ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಪ್ರಸಾರ ಆರಂಭಿಸಿತು. ಹಣವಿಲ್ಲದೆ 1927ರಲ್ಲಿ ನಿಂತಿತು. ಅದರ ಯಂತ್ರವನ್ನು ಪಡೆದ ಕಾರ್ಪೊರೇಷನ್ 1930ರಿಂದ ಪ್ರಸಾರ ನಡೆಸಿತು. 1938ರ ಜೂನ್ 16ರಂದು ಅಖಿಲ ಭಾರತ ರೇಡಿಯೋ ಇಲ್ಲಿ ನಿಲಯ ತೆರೆಯಿತು. ನಮ್ಮ ಮೈಸೂರಿನಲ್ಲಿಯೂ ಹೀಗೆಯೇ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ನಡೆಸಿದ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಬಂದಿತು.

ಸಂಗೀತಕ್ಕೂ ನಾಟಕಕ್ಕೂ ಆಕಾಶವಾಣಿ ಮಾಡಿದ ಉಪಕಾರವನ್ನು ನಾವು ಮರೆಯಲಾರೆವು. ಆದರೆ ವಾರ್ತೆಯ ಮಾತು ಬಂದಾಗ, ಒಡೆಯನ ಮುಖ ನೋಡಿ ಮಾತನಾಡುವ ಅಭ್ಯಾಸ ಅದಕ್ಕೆ ಅಂಟಿಕೊಂಡಿತು. 1975ರ ತುರ್ತುಪರಿಸ್ಥಿತಿಯಲ್ಲಿ ಅದು ಸರ್ಕಾರದ ಕೊಳಲಾಯಿತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಮರಣವನ್ನು ಬಿಬಿಸಿ ಮೊದಲೇ ಸಾರಿದರೂ ಆಕಾಶವಾಣಿ ಅದನ್ನು ಹೇಳಿದ್ದು ಸಂಜೆಗೆ. ದೇಶದ ಸುದ್ದಿಯನ್ನು ದೇಶದವರೇ ಪರದೇಶದಿಂದ ಕೇಳಿ ತಿಳಿಯಬೇಕಾಯಿತು!

ಹಾಗಾದರೆ ಸರ್ಕಾರದ ಹಿಡಿತವಿಲ್ಲದ ವಾರ್ತೆಯೆಲ್ಲ ಸತ್ಯವೆ? ಹಾಗೂ ಹೇಳುವಂತಿಲ್ಲ. 2016ರ ಸೆಪ್ಟೆಂಬರ್ 5ರಂದು ಕಾವೇರಿಯಿಂದ ದಿನಕ್ಕೆ 15,000 ಕ್ಯೂಸೆಕ್ಸಿನಂತೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು; 12ರಂದು ಅದನ್ನು 12,000ಕ್ಕೆ ಇಳಿಸಿತು. ಅದೇ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ಆ ದಿನಗಳಲ್ಲಿ ನಾವು ಎರಡು ಭಾಷೆಯ ದೂರದರ್ಶನ ವಾಹಿನಿಗಳನ್ನೂ ನೋಡಿದೆವು. ಒಂದರಲ್ಲಿ ಕನ್ನಡಿಗನಿಗೆ ಬಿದ್ದ ಏಟು, ಇನ್ನೊಂದರಲ್ಲಿ ತಮಿಳನಿಗೆ ಬಿದ್ದ ಏಟು. ಮರುಗಳಿಗೆ ಅದೇ ದೃಶ್ಯ, ಮತ್ತೆ ಅದೇ. ತೋರಿಸಿದ್ದು ಸುಳ್ಳಲ್ಲ, ತೋರಿಸದೆ ಬಿಟ್ಟದ್ದೇ ಹೆಚ್ಚು. ಎಂದಿನಂತೆ ಹಾಲು ತಂದುಕೊಟ್ಟ ನೆರೆಯ ತಮಿಳು ತಾಯಿ ಯಾವ ವಾಹಿನಿಯಲ್ಲಿಯೂ ಬರಲಿಲ್ಲ. ಊರಿನಿಂದ ಬಂಧುಗಳು ಗಾಬರಿಯಿಂದ ಫೋನು ಮಾಡಿ ‘ಬದುಕಿದ್ದೀರಾ?’ ಎಂದು ಕೇಳಿದಾಗ, ನಾವು ಕಿಟಕಿಯಾಚೆ ನೋಡಿ, ‘ಬೀದಿ ಶಾಂತವಾಗಿದೆ’ ಎನ್ನಬೇಕಾಯಿತು.

ಒಂದು ಕಡೆ ಅಧಿಕಾರದ ಭಯ, ಇನ್ನೊಂದು ಕಡೆ ನೋಡುಗರ ಸಂಖ್ಯೆಯ ಆಸೆ: ಇವೆರಡರ ನಡುವೆ ವಾರ್ತೆ ಸೊರಗುತ್ತದೆ. ಹಾಗೆಂದು ಪತ್ರಿಕೆಯನ್ನು ಎಸೆದು ಗಾಳಿಸುದ್ದಿಯನ್ನು ನಂಬುವುದೂ ವಿವೇಕವಲ್ಲ. ಇಲ್ಲಿನ ಕನ್ನಡಿಗರಿಗೆ ಇತರರಿಗಿಲ್ಲದ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಎರಡು ಕಡೆಯ ಮಾತೂ ನಮಗೆ ತಿಳಿಯುತ್ತದೆ. ಎರಡನ್ನೂ ಓದಿ, ತೂಗಿ, ಬಿಟ್ಟುಹೋದದ್ದನ್ನು ಊರಿನವರಿಗೂ ನೆರೆಯವರಿಗೂ ತಿಳಿಸುವುದು ನಮ್ಮಿಂದ ಸಾಧ್ಯ. ಕಾವೇರಿ ಎರಡು ನಾಡಿಗೂ ತಾಯಿ. ಅವಳ ಹೆಸರಿನಲ್ಲಿ ಬರುವ ಸುದ್ದಿಯನ್ನು ಪ್ರಮಾಣಿಸಿ ನೋಡುವುದೂ ಕನ್ನಡದ ಸೇವೆಯೇ ಎಂದು ನಾವು ನಂಬಿದ್ದೇವೆ.